ಎಡಗೈ ಹಿಡಿದ ಸಾಣೆ

ಮಾರ್ಚ್ ೧೪, ಶುಕ್ರವಾರ

ತಮ್ಮನ ಮಾತು ಇನ್ನೂ ತಲೆ ಕೊರೆಯುತ್ತಿದೆ. "ಅಣ್ಣಾ, ಉಳಿಗಳನ್ನೆಲ್ಲ ಕೊಟ್ಬಿಡು, ನಾನೇ ಸಾಣೆ ಹಿಡಿದು ತಂದ್ಕೊಡ್ತೀನಿ. ಆ ಕೈಲಿ ನಿನಗ್ಯಾಕೆ ಈ ಉಸಾಬರಿ?"

ಪಾರ್ಶ್ವವಾಯು ಹೊಡೆದದ್ದು ನನ್ನ ಬಲಗೈಗೆ, ಬುದ್ಧಿಗಲ್ಲ. ನಲವತ್ತು ವರ್ಷ ಬಡಗಿಯಾಗಿದ್ದವನು ಉಳಿ ಹರಿತವಾಗಲೆಂದು ಇನ್ನೊಬ್ಬರ ದಾರಿ ಕಾಯಬೇಕೇ?

ಬೆಳಿಗ್ಗೆಯೇ ಅಂಗಡಿಗೆ ಹೋದೆ. ಅಂಗಡಿಯವನು ಕರೆಂಟಿನ ಸಾಣೆಚಕ್ರ ತೋರಿಸಿ, "ಎರಡೇ ನಿಮಿಷದ ಕೆಲ್ಸ, ಯಜಮಾನ್ರೇ" ಎಂದ. ಅದರ ವೇಗಕ್ಕೆ ಒಂದೇ ಕೈಯಲ್ಲಿ ಹಿಡಿದ ಉಳಿ ಅದುರುತ್ತದೆ, ಅಂಚು ಸುಟ್ಟು ನೀಲಿಯಾಗುತ್ತದೆ. ಬೇಡವೆಂದೆ. ಒಂದು ಮುಖ ಒರಟು, ಇನ್ನೊಂದು ನುಣುಪಾದ ಸಾಣೆಕಲ್ಲು ಆರಿಸಿದೆ. ಜೊತೆಗೆ ಉಳಿಯನ್ನು ಸರಿಯಾದ ಓರೆಯಲ್ಲಿ ಕಚ್ಚಿ ಹಿಡಿಯುವ, ಪುಟ್ಟ ಗಾಲಿಯಿರುವ ಹಿಡಿಕೆ.

"ಅದು ಹೊಸದಾಗಿ ಕಲಿಯೋರಿಗೆ" ಎಂದ.

"ಈ ಎಡಗೈ ಕೆಲಸಕ್ಕೆ ಸೇರಿದ್ದೂ ಮೊನ್ನೆ ಮೊನ್ನೇನೇ ಕಣಪ್ಪ" ಎಂದೆ.

ಮಧ್ಯಾಹ್ನ ಕಲ್ಲು ಅಲುಗಾಡದಂತೆ ಸುತ್ತ ಪಟ್ಟಿ ಹೊಡೆದು ಬೆಂಚಿನ ಮೇಲೆ ಕೂರಿಸಿದೆ. ಮೊಳೆ ಹಿಡಿದವಳು ಹೆಂಡತಿ, ಬೈಸಿಕೊಂಡವನು ನಾನು. ಒಂದು ಉಳಿಗೆ ಒಂದೂಕಾಲು ಗಂಟೆ ಹಿಡಿಯಿತು. ಹಿಂದೆ ಐದು ನಿಮಿಷ ಸಾಕಿತ್ತು. ಭುಜ ಬಿದ್ದೇ ಹೋಯಿತು. ಆದರೂ ಮರದ ಮೇಲೆ ಒತ್ತಿದಾಗ ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಸುರುಳಿಯಾಗಿ ಎದ್ದಿತು.

ಸಂಜೆ ತಮ್ಮ ಚೀಲ ಹಿಡಿದು ಬಂದ. ಉಳಿಯನ್ನು ಉಗುರಿನ ಮೇಲಿಟ್ಟು ಹರಿತ ನೋಡಿದ. "ಒಂದಕ್ಕೇ ಇಡೀ ಮಧ್ಯಾಹ್ನ. ಇನ್ನೂ ಏಳಿವೆಯಲ್ಲಣ್ಣಾ?"

"ವಾರಕ್ಕೂ ಏಳೇ ದಿನ. ಸರಿಹೋಗುತ್ತೆ."

ಬರಿ ಚೀಲ ಮಡಚಿಕೊಂಡು ಹೋದ.

ಇದನ್ನು ಬರೆಯುತ್ತಿರುವುದೂ ಎಡಗೈಯೇ. ಅಕ್ಷರ ಕೋಳಿ ಕೆದರಿದ ಹಾಗಿದೆ. ಇರಲಿ, ಓದುವವನು ನಾನೊಬ್ಬನೇ. ನಾಳೆ ಅಗಲದ ಉಳಿ. ಅದು ಸ್ವಲ್ಪ ಮೊಂಡ, ಆದರೆ ನಾನೂ ಮೊಂಡನೇ.