ಉಪ್ಪಿಲ್ಲದ ಮಡಕೆ

ಮಂಡೆಕೋಲು
12-7-1959, ಆದಿತ್ಯವಾರ

ನನ್ನ ಮುದ್ದು ಅವ್ವನಿಗೆ,

ನಿನ್ನ ಶೀಲಾಳ ನಮಸ್ಕಾರ, ಅದರ ಮೇಲೆ ಒಂದು ದೊಡ್ಡ ಅಪ್ಪುಗೆ. ಅಪ್ಪನಿಗೆ ನಮಸ್ಕಾರ ಮಾತ್ರ ಹೇಳು, ಅಪ್ಪುಗೆ ಎಂದರೆ ಅವರಿಗೆ ನಾಚಿಕೆ.

ನಿನ್ನ ಕಾಗದ ಬಂತು. ಗುರುವಾರ ಅಣ್ಣ ಬರುತ್ತಾನೆ, ಆಟಿ ತಿಂಗಳು ಕಳೆಯುವವರೆಗೆ ನಾನು ಪುತ್ತೂರಿನಲ್ಲಿ ನಿನ್ನ ಹತ್ತಿರ ಇರಬೇಕು ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗ ಬಚ್ಚಲಿನ ಒಲೆಗೆ ಕಟ್ಟಿಗೆ ಹಾಕುತ್ತಾ ಇದ್ದೆ. ಒಬ್ಬಳೇ ನಕ್ಕೆ. ಮದುವೆಯಾದ ಹುಡುಗಿಗೆ ತವರಿನಲ್ಲಿ ಕಳೆಯುವ ಮೊದಲ ಆಟಿ ಒಮ್ಮೆ ಮಾತ್ರ ಬರುವುದು. ಪೇಟೆಯ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಾಗ ನಾನು ಇಂಥ ಪದ್ಧತಿಗಳನ್ನೆಲ್ಲ ಹಾಸ್ಯ ಮಾಡುತ್ತಿದ್ದೆ, ನೆನಪಿದೆಯಾ? ಈಗ ಹಾಸ್ಯ ಬರುವುದಿಲ್ಲ.

ಆದರೆ ಅವ್ವ, ಅಣ್ಣನನ್ನು ಕಳಿಸಬೇಡ. ನಾನು ಬರುವುದಿಲ್ಲ. ಸಿಟ್ಟು ಮಾಡಬೇಡ, ಪೂರ್ತಿ ಓದು.

ಮದುವೆಯ ಸಡಗರ ಮುಗಿದ ಕೆಲವೇ ದಿನಕ್ಕೆ ನನ್ನ ಮಾವ ಪದ್ಮಯ್ಯ ಗೌಡರು ಗದ್ದೆಯ ಬದುವಿನಲ್ಲಿ ತಲೆ ತಿರುಗಿ ಕುಳಿತುಬಿಟ್ಟದ್ದು ನಿನಗೆ ಗೊತ್ತು. ಪುತ್ತೂರಿನ ಡಾಕ್ಟರರು ರಕ್ತದ ಒತ್ತಡ ಎಂದರು. ಮೀನು ಮಾಂಸ ನಿಲ್ಲಿಸಿ, ಸೊಪ್ಪು ತರಕಾರಿ ತಿನ್ನಿಸಿ, ಉಪ್ಪು ಮಾತ್ರ ಒಂದು ಹರಳೂ ಬೇಡ, ಇನ್ನೊಮ್ಮೆ ಬಿದ್ದರೆ ಏಳಿಸುವುದು ಕಷ್ಟ ಎಂದು ನಿನ್ನ ಅಳಿಯನನ್ನು ಹೊರಗೆ ಕರೆದು ಹೇಳಿದರಂತೆ. ಇಷ್ಟು ನಿನಗೆ ಬರೆದಿದ್ದೆ. ಆಮೇಲಿನದ್ದು ಬರೆದಿರಲಿಲ್ಲ.

ಮೀನು ಮಾಂಸ ಬಿಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅತ್ತೆಯ ಕೈಯಿಂದ. ಈ ಮನೆಯಲ್ಲಿ ಅಡುಗೆಯನ್ನು ಬಡಿಸುವ ಮೊದಲು ಬಾಯಿಗೆ ಹಾಕಿ ನೋಡುವ ಪದ್ಧತಿ ಇಲ್ಲ, ಎಂಜಲಾಗುತ್ತದೆ. ಎಲ್ಲ ಕೈಯಳತೆ. ಅತ್ತೆ ಮಡಕೆಯ ಮುಚ್ಚಳ ತೆಗೆದರೆ ಎಡಗೈಯಲ್ಲಿ ಮುಚ್ಚಳ, ಬಲಗೈ ತಾನಾಗಿ ಉಪ್ಪಿನ ಮರಿಗೆಗೆ ಹೋಗುತ್ತದೆ. ಹಾಕಿದ್ದು ಅವರಿಗೇ ತಿಳಿಯುವುದಿಲ್ಲ. ಹಾಕಲಿಲ್ಲ ಎಂದು ಆಣೆ ಮಾಡುತ್ತಾರೆ, ಮಾವ ಖುಷಿಯಲ್ಲಿ ಬೆರಳು ನೆಕ್ಕುತ್ತಾರೆ, ಆಗ ನಮಗೆಲ್ಲ ಗೊತ್ತಾಗುತ್ತದೆ. ಮೂರನೇ ಸಲ ಹಾಗಾದಾಗ ಅತ್ತೆ ಸೌಟನ್ನು ನನ್ನ ಕೈಗೆ ಕೊಟ್ಟರು. "ನನ್ನ ಕೈ ನನ್ನ ಮಾತು ಕೇಳುದಿಲ್ಲ ಮಗ. ನಿನ್ನ ಕೈಗೆ ಇನ್ನೂ ಎಂತದೂ ಅಭ್ಯಾಸ ಇಲ್ಲ. ನೀನು ಮಾಡು" ಎಂದರು. ಬೈದದ್ದೋ ಹೊಗಳಿದ್ದೋ ಎಂದು ನಾನು ಇಡೀ ದಿನ ಯೋಚಿಸಿದೆ.

ನನ್ನ ಉತ್ಸಾಹ ನಿನಗೆ ಗೊತ್ತಲ್ಲ. ಸ್ಕೂಲಿನಲ್ಲಿ ಸಿಸ್ಟರ್ ಬರೆಸಿದ ಬ್ಯಾಲೆನ್ಸ್‌ಡ್ ಡಯೆಟ್ ಪಾಠವೆಲ್ಲ ನೆನಪಿಸಿಕೊಂಡೆ. ಉಪ್ಪು ಕೆಟ್ಟದ್ದಾದರೆ ಹುಳಿಯೂ ಖಾರವೂ ಕೆಟ್ಟದ್ದೇ ಇರಬೇಕು ಎಂದು ನಾನೇ ತೀರ್ಮಾನಿಸಿ ಎರಡನ್ನೂ ಬಿಟ್ಟೆ. ಮೊದಲು ಮಾಡಿದ್ದು ಪತ್ರೊಡೆ. ಕೆಸುವಿನ ಎಲೆಗೆ ಅಕ್ಕಿಹಿಟ್ಟು ಚಂದ ಮಾಡಿ ಹಚ್ಚಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿದೆ. ಹುಣಿಸೆಹುಳಿ ಇಲ್ಲದೆ. ನೀನೀಗ ತಲೆಗೆ ಕೈ ಇಟ್ಟುಕೊಂಡಿರುತ್ತೀ. ಇವರು ಎರಡು ತುಂಡು ತಿಂದು ನೀರಿಗೆ ಓಡಿದರು. ಅತ್ತೆ ಬೆಲ್ಲದ ಡಬ್ಬಿ ಹುಡುಕಿದರು. ಮಾವ ಗಂಟಲು ಹಿಡಿದುಕೊಂಡು ಕೂತಿದ್ದವರು ಬೆಲ್ಲ ಚೀಪಿ ಸ್ವರ ಬಂದ ಮೇಲೆ ಕೇಳಿದರು: "ಡಾಕ್ಟ್ರು ಉಪ್ಪು ಬೇಡ ಹೇಳಿದ್ದು ಗೊತ್ತುಂಟು. ನಾನು ಮಾತಾಡುದೂ ಬೇಡ ಹೇಳಿದ್ದಾರಾ?"

ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಅತ್ತೆ ಬಂದು ಬಾಳೆಯ ಬುಡದಲ್ಲಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೆಸುವಿಗೆ ಹುಳಿಯೇ ಗಂಡ, ಗಂಡನಿಲ್ಲದಿದ್ದರೆ ಅದು ಊರಿಗೆಲ್ಲ ತುರಿಕೆ ಎಬ್ಬಿಸುತ್ತದೆ ಎಂದರು. ಅತ್ತೂ ನಕ್ಕೂ ನನಗೆ ಬಿಕ್ಕಳಿಕೆ ಬಂತು.

ಅಂದಿನಿಂದ ಅವರು ಅಡುಗೆಮನೆಯ ಹೊಸ್ತಿಲ ಹೊರಗೆ ಕೂತು ಹೇಳುವುದು, ನಾನು ಒಳಗೆ ಮಾಡುವುದು. ಮಡಕೆಯ ಹತ್ತಿರ ಬರುವುದಿಲ್ಲ, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿರುತ್ತಾರೆ. ಉಪ್ಪಿನ ಜಾಗವನ್ನು ಯಾವುದೋ ಒಂದರಿಂದ ತುಂಬಿಸಬೇಕು ಎಂಬುದು ಅವರ ಲೆಕ್ಕ. ಪುನರ್ಪುಳಿ ಸಾರಿಗೆ ಒಂದು ಚೂರು ಬೆಲ್ಲ, ಜೀರಿಗೆಯ ಒಗ್ಗರಣೆ. ಬಾಳೆದಿಂಡಿನ ಪಲ್ಯಕ್ಕೆ ಕಾಯಿತುರಿಯನ್ನು ಹುರಿದು ಹಾಕುವುದು. ಒಂದೆಲಗದ ತಂಬುಳಿಗೆ ಗಾಂಧಾರಿ ಮೆಣಸು, ಮಜ್ಜಿಗೆ ಸ್ವಲ್ಪ ಹುಳಿ ಬಂದದ್ದೇ ಆಗಬೇಕು. ಹಲಸಿನ ಬೀಜವನ್ನು ಕೆಂಡದಲ್ಲಿ ಸುಟ್ಟು ಗುದ್ದಿ ತೆಂಗಿನೆಣ್ಣೆ ಬಿಟ್ಟರೆ ಅದಕ್ಕೆ ಉಪ್ಪು ಬೇಕೆಂದೇ ಅನ್ನಿಸುವುದಿಲ್ಲ, ಅಥವಾ ಸ್ವಲ್ಪ ಹೊತ್ತು ಅನ್ನಿಸುವುದಿಲ್ಲ.

ಆದರೂ ಮಾವ ಎಲೆ ದೂಡಿದರು. ಮಾಡಿದ ಅಡುಗೆಯನ್ನು ನಾನೇ ತಿನ್ನುವುದಿಲ್ಲ, ಅವರಿಗೆ ಮಾತ್ರ ಹುಲ್ಲು ಹಾಕುತ್ತೇನೆ ಎಂದು ದೂರಿ ಎರಡು ದಿನ ಬರೀ ಬಾಳೆಹಣ್ಣು ತಿಂದು ಕೂತರು. ಕೊನೆಗೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಅದೇನೆಂದು ಯಾವಾಗಲಾದರೂ ಹೇಳುತ್ತೇನೆ. ಆಮೇಲೆ ಅವರು ಉಣ್ಣತೊಡಗಿದರು. ಒಂದು ಮಧ್ಯಾಹ್ನ ಪುನರ್ಪುಳಿ ಸಾರು ಸುರಿದುಕೊಂಡು, "ಇವತ್ತು ಉಪ್ಪು ಸ್ವಲ್ಪ ಹೆಚ್ಚಾಯಿತು" ಎಂದರು. ಅವ್ವ, ಅದರಲ್ಲಿ ಒಂದು ಹರಳೂ ಇರಲಿಲ್ಲ. ಅತ್ತೆ ಹೊಸ್ತಿಲಲ್ಲಿ ಕೂತವರು ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಸ್ಕೂಲಿನಲ್ಲಿ ಮೆಡಲ್ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಹಾಗಾದರೆ ಬರುವುದಕ್ಕೆ ಏನು ಎಂದು ಕೇಳುತ್ತೀ. ಹೋದ ತಿಂಗಳು ಇವರ ಜೊತೆ ಕಾಣಿಯೂರಿಗೆ, ಇವರ ಅಕ್ಕನ ಮನೆಗೆ ಹೋಗಿದ್ದೆ. ಒಂದೇ ದಿನ. ಆ ದಿನ ಅತ್ತೆ ಸೌತೆಕಾಯಿ ಹುಳಿ ಮಾಡಿದರು, ಜಾಗ್ರತೆಯಲ್ಲೇ ಮಾಡಿದರು. ನಾವು ಮರಳಿ ಬರುವಾಗ ಮಾವ ಜಗಲಿಯಲ್ಲಿ ಮಲಗಿದ್ದರು, ಮುಖ ಕೆಂಪು, ಗೋಡೆ ತಿರುಗುತ್ತಾ ಉಂಟು ಎನ್ನುತ್ತಿದ್ದರು. ಅತ್ತೆ ಅವರ ಕಾಲಬುಡದಲ್ಲಿ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದರು. ಮಾವ ಎರಡು ದಿನದಲ್ಲಿ ಎದ್ದರು. ಒಂದು ದಿನಕ್ಕೆ ಹೀಗಾದರೆ ಒಂದು ತಿಂಗಳಿಗೆ ಏನಾದೀತು? ನಾನು ನಿನ್ನ ಮನೆಯಲ್ಲಿ ಹಾಯಾಗಿ ಕೂತಿರುವಾಗ ಇಲ್ಲಿಂದ ಕೆಟ್ಟ ಸುದ್ದಿ ಹೊತ್ತು ಆಳು ಬಂದರೆ ನನ್ನ ಮುಖ ಎಲ್ಲಿಡಲಿ?

ನಿನ್ನ ಕಾಗದ ಬಂದದ್ದು ಎಲ್ಲರಿಗೂ ಗೊತ್ತು. ಹೋಗು ಎಂದೂ ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನೆರೆಮನೆಯ ತಿಮ್ಮಕ್ಕ ಮಾತ್ರ ಬಂದಾಗಲೆಲ್ಲ "ಮದುಮಗಳು ಹೊರಟಾಯಿತಾ? ಪೆಟ್ಟಿಗೆ ಕಟ್ಟಿ ಆಯಿತಾ?" ಎಂದು ಕೇಳುತ್ತಾರೆ. ನಾನೇ ಈ ಬಾರಿ ಹೋಗುವುದಿಲ್ಲ ಎಂದು ನಗುತ್ತಾ ಹೇಳಿಬಿಟ್ಟೆ. ನಾನಿಲ್ಲದೆ ಈ ಮನೆ ನಡೆಯುವುದಿಲ್ಲ ಎನ್ನುವುದು ಎಷ್ಟು ಹೆಮ್ಮೆಯ ವಿಷಯ, ಅಲ್ಲವಾ?

ಬೇರೆ ಎಲ್ಲ ಚೆನ್ನಾಗಿದೆ. ಎರಡು ಒಲೆ ಉರಿಸುತ್ತೇನೆ, ಒಂದರಲ್ಲಿ ಮನೆಯವರದ್ದು, ಇನ್ನೊಂದರಲ್ಲಿ ಮಾವನ ಮಡಕೆ. ಕಟ್ಟಿಗೆ ಹಸಿ, ಊದಿ ಊದಿ ಕಣ್ಣು ಉರಿಯುತ್ತದೆ ಅಷ್ಟೇ. ಮೊನ್ನೆ ಕಡೆಯುವ ಕಲ್ಲಿನ ಮೇಲೆ ತಲೆಯಿಟ್ಟು ಹಾಗೇ ನಿದ್ದೆ ಮಾಡಿದೆನಂತೆ, ಇವರು ಬಂದು ಎಬ್ಬಿಸಿದಾಗ ಕೆನ್ನೆಗೆಲ್ಲ ಕಾಯಿ ಅಂಟಿತ್ತು. ತುಂಬ ನಕ್ಕೆವು. ಸಂಜೆಯಾದರೆ ಮೀನಖಂಡ ಸೆಟೆದುಕೊಳ್ಳುತ್ತದೆ, ಇಲ್ಲಿಯ ಮೆಟ್ಟಿಲುಗಳಿಗೆ ನನ್ನ ಕಾಲು ಇನ್ನೂ ಒಗ್ಗಲಿಲ್ಲ. ಸೀರೆ ಸ್ವಲ್ಪ ಸಡಿಲವಾಗುತ್ತದೆ, ತೆಳ್ಳಗಾದರೆ ಫ್ಯಾಶನ್. ಇವರು ಒಳ್ಳೆಯವರು. ಬಾವಿಯಿಂದ ನೀರು ಸೇದಿ ಕೊಡುತ್ತಾರೆ, ಯಾರೂ ನೋಡದ ಹೊತ್ತಿನಲ್ಲಿ.

ನೀನು ನನಗೋಸ್ಕರ ಹಲಸಿನ ಸೊಳೆಗೆ ಉಪ್ಪು ಬೆರೆಸಿ ಉಪ್ಪುಸೊಳೆ ಭರಣಿಯಲ್ಲಿ ಹಾಕಿಟ್ಟಿದ್ದೇನೆ ಎಂದು ಬರೆದಿದ್ದೀ. ಅದನ್ನು ಅಣ್ಣನಿಗೆ ಬಡಿಸು. ಅದರ ಪಲ್ಯದ ವಿಷಯ ಮುಂದಿನ ಕಾಗದದಲ್ಲಿ ಬರೆಯಬೇಡ. ನನಗೆ ಬೇಸರವೇನೂ ಇಲ್ಲ, ಸುಮ್ಮನೆ ಹೇಳಿದೆ.

ನಾಳೆ ಇವರು ಸುಳ್ಯಕ್ಕೆ ಹೋಗುವಾಗ ಇದನ್ನು ಅಂಚೆಗೆ ಹಾಕುತ್ತಾರೆ.

ಎಂದೆಂದೂ ನಿನ್ನ ಮಡಿಲಿನವಳು,
ಶೀಲಾವತಿ

ಮತ್ತೆ ಬರೆದದ್ದು:

ಅವ್ವ, ಲಕೋಟೆಗೆ ಅಂಟು ಹಚ್ಚುವಾಗ ಅತ್ತೆ ಬಂದು ಏನೆಲ್ಲ ಬರೆದೆ, ಓದಿ ಹೇಳು ಎಂದರು. ಅವರಿಗೆ ಓದು ಬರುವುದಿಲ್ಲ. ಓದಿದೆ. ಕಾಣಿಯೂರಿನ ಸಂಗತಿ ಬಂದಾಗ ಆ ಸಾಲುಗಳನ್ನು ಹಾರಿಸಿದೆ. ಅತ್ತೆ ಪೂರ್ತಿ ಕೇಳಿ, "ಕಾಣಿಯೂರಿಗೆ ಹೋದ ದಿನದ್ದು ಬರೀಲಿಲ್ವಾ? ಅದನ್ನು ಬರೀದಿದ್ರೆ ನೀನು ಯಾಕೆ ಬರುದಿಲ್ಲ ಅಂತ ನಿನ್ನ ಅವ್ವನಿಗೆ ಹೇಗೆ ಗೊತ್ತಾಗುದು?" ಎಂದರು. ತಲೆ ತಗ್ಗಿಸಿ ಅದನ್ನೂ ಓದಿದೆ.

ಅತ್ತೆ ಅದನ್ನೂ ಕೇಳಿಸಿಕೊಂಡರು. ಮತ್ತೆ, "ಇನ್ನೊಂದು ಬಿಟ್ಟಿದ್ದಿ. ಮಾವನ ಮಡಕೆ ದಿನಾ ಖಾಲಿ ಆಗ್ತದೆ. ಒಬ್ಬ ಮುದುಕ ಅಷ್ಟು ಉಣ್ಣುದಿಲ್ಲ. ಅದನ್ನು ಬರಿ" ಎಂದರು.

ಅವರಿಗೆ ಮೊದಲೇ ಗೊತ್ತಿತ್ತೋ, ಇವತ್ತು ಕೇಳುವಾಗ ಹೊಳೆಯಿತೋ, ನಾನು ಕೇಳಲಿಲ್ಲ. ಅವರು ಹೇಳಿದ್ದರಿಂದ ಬರೆಯುತ್ತೇನೆ. ಒಪ್ಪಂದ ಅದೇ. ಮಾವ ಉಂಡ ಮಡಕೆಯಿಂದಲೇ ನಾನೂ ಉಣ್ಣುತ್ತೇನೆ, ಬೇರೆ ಏನೂ ಮುಟ್ಟುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಕಾಣಿಯೂರಿನಲ್ಲಿ ಕೂಡ ಬರೀ ಅನ್ನಕ್ಕೆ ಮೊಸರು ಕಲಸಿ ಉಂಡೆ. ಉಪ್ಪು ಬಾಯಿಗಿಟ್ಟು ಎಷ್ಟು ಕಾಲವಾಯಿತೋ. ಬೆವರಿದಾಗ ತುಟಿಯ ಮೇಲೆ ಬರುತ್ತದಲ್ಲ, ಅಷ್ಟೇ. ಸಾಕಾಗಿದೆ ಅವ್ವ.

ಅತ್ತೆ ಎದ್ದು ಉಪ್ಪಿನ ಮರಿಗೆಯನ್ನು ತಂದು ಇವರ ಕೈಗೆ ಕೊಟ್ಟರು. "ಗುರುವಾರ ಇದನ್ನು ಅಟ್ಟಕ್ಕೆ ಏರಿಸಿ ಏಣಿ ತೆಗೆದುಬಿಡು. ಆಟಿ ಮುಗಿಯುವವರೆಗೆ ಈ ಮನೆಗೆ ಒಂದೇ ಒಲೆ, ಒಂದೇ ಮಡಕೆ. ಉಪ್ಪೇ ಇಲ್ಲದ ಮೇಲೆ ನನ್ನ ಕೈ ಎಲ್ಲಿಗೆ ಹೋಗ್ತದೆ, ನೋಡುವ" ಎಂದರು. ಇವರು "ನನಗೂ ಉಪ್ಪಿಲ್ಲವಾ?" ಎಂದು ಕೇಳಿದ್ದಕ್ಕೆ ಅತ್ತೆ, "ಹೆಂಡತಿ ಇಲ್ಲದ ಊಟಕ್ಕೆ ಉಪ್ಪು ಹಾಕಿದರೂ ಒಂದೇ ಬಿಟ್ಟರೂ ಒಂದೇ" ಎಂದುಬಿಟ್ಟರು. ಇವರು ನನ್ನ ಕಡೆ ನೋಡಲಿಲ್ಲ. ಮಾವ ಜಗಲಿಯಿಂದಲೇ, "ಹುಡುಗಿ ಕೊಟ್ಟ ಮಾತನ್ನು ನಾನು ಬಿಟ್ಟುಕೊಟ್ಟೆ. ಹೋಗಲಿ. ಬರುವಾಗ ಉಪ್ಪುಸೊಳೆ ತರಬೇಡ ಹೇಳು. ತಿಂದ ಕತೆ ಮಾತ್ರ ತಂದರೆ ಸಾಕು" ಎಂದರು.

ಮೇಲೆ ಬರೆದದ್ದನ್ನು ಹರಿದು ಹಾಕಿ ಹೊಸದು ಬರೆಯಲು ಕೈಯಲ್ಲಿ ಶಕ್ತಿ ಇಲ್ಲ, ಹಾಗೇ ಕಳಿಸುತ್ತಿದ್ದೇನೆ. ಅಣ್ಣನನ್ನು ಗುರುವಾರ ಬೆಳಗಿನ ಬಸ್ಸಿಗೇ ಹೊರಡಿಸು. ಪಲ್ಯ ಗಿಲ್ಯ ಆಮೇಲೆ. ನಾನು ಬರುವಾಗ ಕುಚ್ಚಲಕ್ಕಿ ಗಂಜಿ ಮಾತ್ರ ಮಾಡಿಡು. ಉಪ್ಪು ನೀನು ಹಾಕಬೇಡ. ಮರಿಗೆಯನ್ನು ನನ್ನ ಕೈಗೆ ಸಿಗುವಲ್ಲಿ ಇಡು.

ಶೀಲಾ