ಗುಬ್ಬಿ ಸೋಪಿನ ಮೊದಲ ಬ್ಯಾಚು

ಹದಿನೆಂಟನೇ ತಾರೀಕು, ಗುರುವಾರ
ಮಧ್ಯಾಹ್ನ

ನನ್ನ ಮಗಳೇ,

ನಿನಗೆ, ಅಳಿಯಂದಿರಿಗೆ, ನಮ್ಮ ಗುಬ್ಬಿಗೆ ಅಮ್ಮನ ಆಶೀರ್ವಾದ. ಮಗು ಈಗ ಮಗುಚಿಕೊಳ್ಳುತ್ತಿದೆ ಎಂದು ಹೋದ ವಾರ ನೀನು ಹೇಳಿದೆ. ಬೆನ್ನು ನೆಲಕ್ಕೆ ತಾಗಿದರೆ ಇನ್ನೂ ಅಳುತ್ತಾಳೋ ಹೇಗೆ ಅಂತ ಕೇಳಬೇಕು ಅಂದುಕೊಂಡೆ, ಬಾಯಿ ಬರಲಿಲ್ಲ.

ಕಾಗದ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಬರೆದೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ. ನಿನ್ನ ಅಮ್ಮನಿಗೆ ಬಾಯಿ ಎಷ್ಟು ಉದ್ದವೋ ಕೈಬರಹ ಅಷ್ಟು ಗಿಡ್ಡ. ಫೋನಿನಲ್ಲೇ ಹೇಳಬಹುದಲ್ಲ ಅನ್ನುತ್ತೀಯ. ಹೇಗೆ ಹೇಳಲಿ? ನನ್ನ ಫೋನು ಎತ್ತುತ್ತೀಯ, ಊಟ ಆಯ್ತಾ ಅನ್ನುತ್ತೀಯ, ನಾನು 'ನಿಮ್ಮಪ್ಪ' ಅಂದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಇಡುವುದು ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ. ಇದರ ತುಂಬ ನಿಮ್ಮಪ್ಪನ ಮಾತೇ ಇದೆ, ಮೊದಲೇ ಹೇಳಿಬಿಡುತ್ತೇನೆ. ಹಲ್ಲು ಕಚ್ಚಿಕೊಂಡಾದರೂ ಓದು.

ಕಾರ್ಖಾನೆಗೆ ಬೀಗ ಬಿದ್ದಿದೆ. ಕಾರ್ಖಾನೆ ಎಂದರೆ ಏನು, ಹಿಂದಿನ ಎರಡು ಕೋಣೆ ಮತ್ತು ಒಂದು ಶೆಡ್ಡು. ಆದರೂ ಇಪ್ಪತ್ತೆಂಟು ವರ್ಷ ಅದನ್ನು ಕಾರ್ಖಾನೆ ಅಂತಲೇ ಕರೆದಿದ್ದೇವೆ, ಈಗೇಕೆ ಹೆಸರು ಕಡಿಮೆ ಮಾಡಲಿ. ಇನ್ಸ್‌ಪೆಕ್ಟರು ಎರಡು ಸಲ ಬಂದು ಹೋದರು. ಅಂಗಡಿಗಳಿಂದ ಗುಬ್ಬಿ ಸೋಪಿನ ಡಬ್ಬಿಗಳೆಲ್ಲ ವಾಪಸು ಬಂದವು. ಮೂಲೆ ಅಂಗಡಿಯವರು, ನೀನು ಹುಟ್ಟುವ ಮೊದಲಿನಿಂದ ನಮ್ಮ ಬಟ್ಟೆ ಸೋಪು ಮಾರಿದವರು, ಅದನ್ನೂ ಸೇರಿಸಿ ತಂದು ಬಾಗಿಲಲ್ಲಿಟ್ಟು ಹೋದರು. "ಒಳಗೆ ಬನ್ನಿ" ಅಂದೆ. "ಇನ್ನೊಂದು ದಿನ ಬರ್ತೀನಿ" ಅಂದರು. ಅವರ ಮುಖ ನೋಡಿದರೆ ಆ ಇನ್ನೊಂದು ದಿನ ಬರುವುದಿಲ್ಲ ಎಂದು ಗೊತ್ತಾಗುತ್ತಿತ್ತು.

ಆ ಸೋಪಿನಿಂದ ಮೈ ಸುಟ್ಟ ಉಳಿದ ಒಂಬತ್ತು ಮಕ್ಕಳಿಗೂ ಗುಣವಾಗಿದೆ. ಒಂದೊಂದೇ ಮನೆಗೆ ನಾನೇ ಹೋಗಿ ನೋಡಿ ಬಂದೆ. ಒಬ್ಬಳು ತಾಯಿ ನನ್ನ ಮುಖಕ್ಕೇ ಬಾಗಿಲು ಹಾಕಿದಳು, ಒಬ್ಬಳು ಕುಡಿಯಲು ನೀರು ಕೊಟ್ಟಳು. ನೀರು ಕೊಟ್ಟವಳ ಮನೆಯಲ್ಲೇ ನನಗೆ ಹೆಚ್ಚು ಸಂಕಟವಾಯಿತು. ಕಲೆ ಉಳಿಯುವುದು ನಮ್ಮ ಗುಬ್ಬಿಗೊಬ್ಬಳಿಗೇ. ಮಿಕ್ಕವರೆಲ್ಲ ಮೈ ಕೆಂಪಾದ ಕೂಡಲೇ ನಿಲ್ಲಿಸಿದರು. ನೀನು ಮಾತ್ರ ಸೆಕೆಗೆ ಕೆಂಪಾಗಿದೆ ಅಂದುಕೊಂಡು, ತಣ್ಣಗಾಗಲಿ ಅಂತ ಮತ್ತೆ ಅದೇ ಸೋಪು ಹಚ್ಚಿದೆ. ಮರುದಿನ ಮತ್ತೆ ಹಚ್ಚಿದೆ. ಅಪ್ಪ ಮಾಡಿದ ಸೋಪಿನ ಮೇಲೆ ನಿನಗೆ ಅನುಮಾನ ಬರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನೀನು ಅದನ್ನು ಹೇಳಿದಾಗಿನ ದನಿ ನನ್ನ ಕಿವಿಯಿಂದ ಹೋಗಿಲ್ಲ ಕಣೇ.

ನೀನು ಎಷ್ಟು ಓಡಾಡಿದ್ದೆ ಈ ಸೋಪಿಗಾಗಿ! ದೊಡ್ಡ ಕಂಪನಿಗಳ ಸೋಪಿನ ಮುಂದೆ ನಮ್ಮದು ಕಪಾಟಿನ ಕೆಳಗಿನ ಸಾಲಿಗೆ, ಅಲ್ಲಿಂದ ನೆಲಕ್ಕೆ ಇಳಿದಿತ್ತು. ನೀನು ಬಾಣಂತನಕ್ಕೆ ಬಂದವಳು ಮಗುವನ್ನು ಮಡಿಲಲ್ಲಿ ಹಾಕಿಕೊಂಡೇ ಅಪ್ಪನಿಗೆ ಪಾಠ ಹೇಳಿದೆ: "ಅಪ್ಪಾ, ಎಲ್ಲರಿಗೂ ಮಾರಕ್ಕೆ ಹೋಗ್ಬೇಡ. ಒಬ್ಬರನ್ನ ಹಿಡ್ಕೋ. ಹಸುಗೂಸಿನ ತಾಯಂದಿರನ್ನ ಹಿಡ್ಕೋ. ಅವರು ಒಂದ್ಸಲ ನಂಬಿದ್ರೆ ಬಿಡಲ್ಲ." ತೆಂಗಿನೆಣ್ಣೆ ಬದಲು ನೀನೇ ಆಲಿವ್ ಎಣ್ಣೆ ತರಿಸಿದೆ, ಅದು ಮಗುವಿನ ಮೈಗೆ ಮೆತ್ತಗೆ ಅಂತ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಅಚ್ಚು ಮಾಡಿಸಿ, ಅದರ ಮೇಲೊಂದು ಹಕ್ಕಿ ಕೂರಿಸಿ, ಮಗುವಿನ ಹೆಸರನ್ನೇ ಇಟ್ಟೆ. ಡಬ್ಬಿಯ ಬಣ್ಣಕ್ಕೆ ನಾವು ಮೂವರೂ ಹನ್ನೆರಡು ದಿನ ಜಗಳವಾಡಿದೆವು. ಕೊನೆಗೆ ನಿಮ್ಮಪ್ಪ, "ಸೋಪಿಗಿಂತ ಈ ಡಬ್ಬಿಗೇ ಜಾಸ್ತಿ ಅಲಂಕಾರ ಆಯ್ತು, ಮದುವೆಗೇನಾದ್ರೂ ಕಳಿಸ್ತೀರಾ ಇದನ್ನ?" ಅಂದರು. ಮೂಗಿನ ಮೇಲೆ ಕೋಪ ಇತ್ತು, ಆದರೆ ಒಳಗೊಳಗೇ ಹಿಗ್ಗಿದ್ದರು. ಲಕ್ವ ಹೊಡೆದ ಮೇಲೆ ಅವರು ಹಾಗೆ ಓಡಾಡಿದ್ದನ್ನು ನಾನು ನೋಡಿರಲಿಲ್ಲ.

ತಪ್ಪಾಗಿದ್ದು ಎಣ್ಣೆಗೆ ಬೆರೆಸುವ ಕಾಸ್ಟಿಕ್ ಸೋಡಾದ ಅಳತೆಯಲ್ಲಿ, ಹೆಚ್ಚಾದರೆ ಮೈ ಸುಡುತ್ತದೆ. ಅದು ನಿನಗೂ ಗೊತ್ತು. ಹೊಸ ಎಣ್ಣೆಗೆ ಕಾಸ್ಟಿಕ್ ಕಡಿಮೆ ಸಾಕು ಎಂದು ನೀನು ಚೀಟಿ ಬರೆದು ಗೋಡೆಗೆ ಅಂಟಿಸಿದ್ದೆ. ಅವರು ಅದನ್ನು ಓದಿದ್ದರು ಕೂಡ. ಆದರೆ ಇಪ್ಪತ್ತೆಂಟು ವರ್ಷ ಒಂದೇ ಅಳತೆ ಸುರಿದ ಕೈ, ಅವತ್ತೂ ತನ್ನ ಪಾಡಿಗೆ ತಾನು ಅದನ್ನೇ ಸುರಿಯಿತು. ಇಂಥದ್ದು ಹಿಂದೆಯೂ ಆಗಿದೆ. ನೀನು ಸ್ಕೂಲಿಗೆ ಹೋಗುವಾಗ ಒಂದು ವರ್ಷ ಎರಡೆರಡು ಸಲ ಆಗಿತ್ತು. ಆದರೆ ಒಂದು ಬಿಲ್ಲೆಯೂ ಕಾರ್ಖಾನೆಯ ಹೊಸ್ತಿಲು ದಾಟಿರಲಿಲ್ಲ, ಅವರ ನಾಲಿಗೆ ಇತ್ತಲ್ಲ. ಒಣಗಿದ ಸೋಪನ್ನು ಡಬ್ಬಿಗೆ ಹಾಕುವ ಮೊದಲು ಪ್ರತಿ ಬ್ಯಾಚಿನಿಂದ ಒಂದು ಬಿಲ್ಲೆ ಎತ್ತಿ ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದರು. ಚುರ್ ಅಂದರೆ ಕಾಸ್ಟಿಕ್ ಉಳಿದಿದೆ ಅಂತ, ಇಡೀ ಬ್ಯಾಚು ಮತ್ತೆ ಕಡಾಯಿಗೆ. ಏನೂ ಅನ್ನದಿದ್ದರೆ ತಲೆಯಾಡಿಸಿ ಉಗುಳಿ ಬಂದು ಕಾಫಿ ಕೇಳುತ್ತಿದ್ದರು. ಚಿಕ್ಕವಳಿದ್ದಾಗ ನೀನೂ ಹಿಂದೆ ಹಿಂದೆ ಹೋಗಿ ನಾಲಿಗೆ ಚಾಚುತ್ತಿದ್ದೆ, ನಾನು ಬೆನ್ನಿಗೊಂದು ಕೊಡುತ್ತಿದ್ದೆ.

ಅದಕ್ಕೇ ಅವತ್ತು ಆಸ್ಪತ್ರೆಯಲ್ಲಿ ನೀನು ಕೇಳಿದೆ, "ನಾಲಿಗೆಗೆ ಮುಟ್ಟಿಸಿ ನೋಡಿದ್ಯಾ ಇಲ್ವಾ, ಅಷ್ಟು ಹೇಳು." ಅವರು ಮುಟ್ಟಿಸಿದ್ದೆ ಅಂದರು. ನೀನು, "ಸುಳ್ಳು. ಮುಟ್ಟಿಸಿದ್ರೆ ಗೊತ್ತಾಗ್ತಿತ್ತು. ಅಂಗಡಿಯವರಿಗೆ ಕೊಟ್ಟ ತಾರೀಕು ತಪ್ಪತ್ತೆ ಅಂತ ಹಾಗೇ ಕಟ್ಟಿ ಕಳಿಸಿದೀಯ. ನನ್ನ ಮಗು ಮೈ ಸುಟ್ಟಿದ್ದೂ ಅಲ್ಲದೆ ಸುಳ್ಳು ಬೇರೆ ಹೇಳ್ತೀಯ" ಅಂದೆ. ನಿನ್ನ ತಪ್ಪು ಅಂತ ಹೇಳುತ್ತಿಲ್ಲ. ಮಗುವನ್ನು ಬ್ಯಾಂಡೇಜಿನಲ್ಲಿ ಸುತ್ತಿ ಕೈಗೆ ಕೊಟ್ಟಿದ್ದರು, ನಿನ್ನ ಜಾಗದಲ್ಲಿ ನಾನಿದ್ದರೆ ಇನ್ನೂ ಅನ್ನುತ್ತಿದ್ದೆ. ಆದರೆ ಆ ಮನುಷ್ಯ ಮನೆಗೆ ಬಂದ ಮೇಲೆ ಚಪ್ಪಲಿ ಕೂಡ ಬಿಡದೆ ಸೀದಾ ಹಿಂದಿನ ಕೋಣೆಗೆ ಹೋದರು.

ಮೊದಮೊದಲು ವಾಪಸು ಬಂದ ಡಬ್ಬಿಗಳನ್ನು ಎಣಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಅವರು ಅನ್ನ ಬಿಟ್ಟರು. ಗಂಜಿ ಕೊಟ್ಟರೆ ಅರ್ಧ ಕುಡಿದು ಇಡುತ್ತಿದ್ದರು. ಮಾತು ತೊದಲತೊಡಗಿತು. ಮತ್ತೆ ಲಕ್ವ ಹೊಡೆಯಿತೇನೋ ಎಂದು ನನ್ನ ಜೀವ ಬಾಯಿಗೆ ಬಂತು. ಹೋದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಗಂಜಿ ತೆಗೆದುಕೊಂಡು ಒಳಗೆ ಹೋದೆ. ನೆಲದ ಮೇಲೆ ಕೂತಿದ್ದಾರೆ, ಸುತ್ತ ಬಿಚ್ಚಿದ ಡಬ್ಬಿಗಳು. ಒಂದು ಬಿಲ್ಲೆ ಎತ್ತುವುದು, ನಾಲಿಗೆಗೆ ಒತ್ತಿ ಹಿಡಿಯುವುದು, ಕೆಳಗಿಡುವುದು, ಇನ್ನೊಂದು ಎತ್ತುವುದು.

"ಏನ್ರೀ ಇದು! ತಲೆ ಕೆಟ್ಟಿದೆಯಾ ನಿಮಗೆ?" ಎಂದು ಕಿರುಚಿದೆ.

ಅವರು ತಲೆಯೆತ್ತಿದರು. ತುಟಿ ಬಾತು, ನಾಲಿಗೆ ಬೆಳ್ಳಗೆ ಸಿಪ್ಪೆ ಎದ್ದಿತ್ತು. "ಒಂದೂ ಚುರ್ ಅನ್ನಲ್ಲ ಕಣೇ" ಅಂದರು. "ಎಲ್ಲಾ ಸರಿಯಾಗೇ ಇದೆ. ಒಂದಾದ್ರೂ ಚುರ್ ಅಂದಿದ್ರೆ ಅವಳು ಹೇಳಿದ್ದೇ ನಿಜ, ನಾನೇ ಮುಟ್ಟಿಸೋದು ಮರೆತಿದ್ದೆ ಅಂತ ಒಪ್ಕೋತಿದ್ದೆ."

ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಆಕೆ ಬಾಯಿ ನೋಡಿ ಮುಖ ಹಿಂಡಿದರು. ಕಣ್ಣು ಮುಚ್ಚಿಕೊಳ್ಳಿ, ನಾಲಿಗೆಗೆ ಸೂಜಿಯಲ್ಲಿ ಮೆಲ್ಲಗೆ ಚುಚ್ಚುತ್ತೇನೆ, ಗೊತ್ತಾದಾಗ ಕೈ ಎತ್ತಿ ಅಂದರು. ನಿಮ್ಮಪ್ಪ ಮಗುವಿನ ಹಾಗೆ ಬಾಯಿ ತೆರೆದು ಕಣ್ಣು ಮುಚ್ಚಿ ಕೂತರು. ಒಂದು ಸಲ, ಎರಡು ಸಲ, ಆರು ಸಲ ಚುಚ್ಚಿದರು. ರಕ್ತದ ಚುಕ್ಕೆ ಕೂಡ ಬಂತು. ಕೈ ತೊಡೆಯ ಮೇಲೇ ಇತ್ತು. ಕೊನೆಗೆ ಅವರೇ ಬಾಯಿ ಮುಚ್ಚಿ, "ಶುರು ಮಾಡಿ ಡಾಕ್ಟ್ರೇ, ನನಗೇನೂ ಭಯ ಇಲ್ಲ" ಅಂದರು.

ಲಕ್ವ ಹೊಡೆದಾಗಲೇ ನಾಲಿಗೆಯ ಮುಂಭಾಗದ ನರ ಹೋಗಿದೆ ಎಂದು ಡಾಕ್ಟರಮ್ಮ ಹೇಳಿದರು. ಬಾಯಿ ರುಚಿ ಕೆಟ್ಟದ್ದು ಅವರಿಗೂ ಗೊತ್ತಿತ್ತು, ಮಾತ್ರೆಗಳಿಂದ ಅಂದುಕೊಂಡಿದ್ದರು. ದಾರಿಯಲ್ಲಿ ಹೇಳಿದರು, "ಚುರ್ ಅನ್ನೋದು ರುಚಿ ಅಲ್ಲ ಕಣೇ, ಅದು ಏಟು. ಏಟು ಬಿದ್ರೆ ಗೊತ್ತಾಗಲ್ವಾ ಅಂದ್ಕೊಂಡಿದ್ದೆ." ನೀನೇ ಯೋಚನೆ ಮಾಡು, ಒಳ್ಳೆಯ ಸೋಪೂ ಏನೂ ಅನ್ನುವುದಿಲ್ಲ, ಸತ್ತ ನಾಲಿಗೆಯೂ ಏನೂ ಅನ್ನುವುದಿಲ್ಲ. ಅವರಿಗಾದರೂ ಹೇಗೆ ತಿಳಿಯಬೇಕು?

ಅವರು ಮುಟ್ಟಿಸಿದ್ದರು ಮಗಳೇ. ಸುಳ್ಳು ಹೇಳಲಿಲ್ಲ. ಡಾಕ್ಟರಮ್ಮನ ಚೀಟಿಯನ್ನು ಇದರ ಜೊತೆಗಿಟ್ಟಿದ್ದೇನೆ, ಓದಿಕೋ. ಇನ್ಸ್‌ಪೆಕ್ಟರಿಗೆ ಇದನ್ನು ತೋರಿಸೋಣ ಅಂದರೆ ನಿಮ್ಮಪ್ಪ ಬೇಡ ಅಂದರು. ಅಂಗಡಿಯವರಿಗೆ ಕೊಟ್ಟ ತಾರೀಕಿನ ಮಾತು, ಆ ತಾರೀಕಿಗೆ ಮುಗಿಸಲು ನೀನು ಅವಸರ ಮಾಡಿದ ಮಾತು, ಯಾವುದನ್ನೂ ಎತ್ತದೆ "ಅಳತೆ ತಪ್ಪಿದ್ದು ನಾನು" ಎಂದು ಬರೆದು ಸಹಿ ಹಾಕಿಕೊಟ್ಟಿದ್ದಾರೆ. ಅವರಿಗೆ ಇನ್ಸ್‌ಪೆಕ್ಟರ ಚಿಂತೆಯಿಲ್ಲ. ದಿನಾ ಸಂಜೆ ಐದಕ್ಕೆ ನಿನಗೆ ಫೋನು ಮಾಡುತ್ತಾರೆ, ಪೂರ್ತಿ ರಿಂಗಾಗುವವರೆಗೂ ಕಿವಿಗೆ ಹಿಡಿದಿರುತ್ತಾರೆ, "ಮಗು ಮಲಗಿಸ್ತಿರ್ತಾಳೆ" ಎಂದು ಇಡುತ್ತಾರೆ. ಲಕ್ವದಿಂದ ಎದ್ದು ಮೊನ್ನೆ ಮೊನ್ನೆವರೆಗೆ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದ ಮನುಷ್ಯ, ಈಗ ಅಂಗಿ ಮೈಮೇಲೆ ನೇತಾಡುತ್ತಿದೆ. ಹೀಗೇ ಇದ್ದರೆ ಬಹಳ ದಿನ ಬಾಳುವುದಿಲ್ಲ. ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ, ನನಗೇ ಹೆದರಿಕೆಯಾಗಿದೆ.

ಮಗುವಿಗೆ ದೃಷ್ಟಿ ತಾಗದಿರಲಿ, ಕಲೆ ಬೇಗ ಮಾಯಲಿ. ನೀನು ಹೊತ್ತುಹೊತ್ತಿಗೆ ಉಣ್ಣು. ನಿಮ್ಮ ಮೂವರ ಮೇಲೂ ನಮ್ಮಿಬ್ಬರ ಹರಕೆ ಇದೆ, ನೀನು ಒಬ್ಬರದ್ದನ್ನೇ ತೆಗೆದುಕೊಂಡರೂ ಸರಿ.

ನಿನ್ನನ್ನು ಹೆತ್ತ
ಅಮ್ಮ

ಸಹಿ ಹಾಕಿದ ಮೇಲೆ:

ಅಂಚೆಗೆ ಹೊರಟವಳು ಬಾಗಿಲವರೆಗೂ ಹೋಗಿ ವಾಪಸು ಬಂದೆ. ಇಷ್ಟನ್ನೂ ಬರೆಯದಿದ್ದರೆ ಮೇಲಿನದ್ದೆಲ್ಲ ಅರ್ಧ ಸುಳ್ಳೇ.

ಅವರ ನಾಲಿಗೆ ಹೋಗಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ಲಕ್ವ ಹೊಡೆದು ಎರಡು ತಿಂಗಳಿಗೆ ಒಂದು ದಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ನನಗೆ ಬಾಯಿಗಿಡಲಾಗಲಿಲ್ಲ, ಅವರು ಎರಡನೇ ಸಲ ಹಾಕಿಸಿಕೊಂಡರು. ಅವರ ತುಟಿಯ ಮೇಲೆ ಬಿಸಿ ಸಾರು ಬಿದ್ದು ಗುಳ್ಳೆ ಎದ್ದರೂ ಅವರಿಗೆ ತಿಳಿಯಲಿಲ್ಲ. ಹೇಳಬೇಕಿತ್ತು. ಹೇಳಿದರೆ ಆ ಮನುಷ್ಯ ಕಾರ್ಖಾನೆಗೆ ಕಾಲಿಡುವುದಿಲ್ಲ, ಮೂಲೆ ಹಿಡಿದುಬಿಡುತ್ತಾರೆ ಅನಿಸಿತು. ಬಾಯಿ ಮುಚ್ಚಿಕೊಂಡೆ. ಅಂದಿನಿಂದ ಅವರು ನಾಲಿಗೆಗೆ ಮುಟ್ಟಿಸಿ ಹೋದ ಮೇಲೆ ನಾನು ಹಿಂದಿನಿಂದ ಹೋಗಿ ನನ್ನ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದೆ. ಏಳು ತಿಂಗಳು ಕಾರ್ಖಾನೆ ನಡೆದದ್ದು ನನ್ನ ನಾಲಿಗೆಯ ಮೇಲೆ. ಒಂದು ಸಲ ಚುರ್ ಅಂದಿತ್ತು. ನೀರು ಬಿದ್ದು ಹಾಳಾಯಿತು ಎಂದು ಸುಳ್ಳು ಹೇಳಿ ಇಡೀ ಬ್ಯಾಚು ಎಸೆದೆ. ಅವತ್ತು ನಿಜ ಹೇಳಿದ್ದರೂ ಅವರಿಗೆ ತಮ್ಮ ನಾಲಿಗೆಯ ಸ್ಥಿತಿ ತಿಳಿಯುತ್ತಿತ್ತು.

ಗುಬ್ಬಿ ಸೋಪಿನ ದಿನವೂ ಹೋದೆ. ಬಿಲ್ಲೆಯನ್ನು ಕೈಗೆತ್ತಿಕೊಂಡೆ. ಬೆಳಗಿನಿಂದ ಕೂತು ನಾನೇ ಮಡಚಿದ ಡಬ್ಬಿಗಳು ಎದುರಿಗೇ ಇದ್ದವು. ಒಂದೊಂದರ ಮೇಲೂ ನೀನು ಬರೆಸಿದ ಸಾಲು, "ಕಂದನ ಮೈಗೆ ಅಮ್ಮನ ಕೈಯಷ್ಟೇ ಮೆದು." ಎಂಬತ್ತು ಸಲ ಓದಿದ್ದೆ ಅದನ್ನು. ಇಷ್ಟು ಮೆತ್ತಗಿನ ಸೋಪಿನಲ್ಲಿ ಏನಿರುತ್ತದೆ, ಇದನ್ನೂ ನೆಕ್ಕಿ ನೋಡಬೇಕೇ ಅನಿಸಿತು. ಊರಿಗೆಲ್ಲ ನಂಬಿಸಲು ಬರೆಸಿದ ಮಾತನ್ನು ಎಲ್ಲರಿಗಿಂತ ಮೊದಲು ನಾನು ನಂಬಿದೆ. ಮೂಸಿ ನೋಡಿ ಡಬ್ಬಿಗೆ ಹಾಕಿದೆ. ಮೊದಲ ಡಬ್ಬಿ ನಿನಗೆ ಅಂತ ತೆಗೆದಿಟ್ಟವಳೂ ನಾನೇ.

ಅವರಿಗೆ ಇದನ್ನು ಹೇಳಿಲ್ಲ, ಹೇಳುವ ಧೈರ್ಯ ಬಂದಿಲ್ಲ. ನಿನಗೆ ಹೇಳಿದ ಮೇಲೆ ನೀನು ನನ್ನ ಫೋನನ್ನೂ ಎತ್ತದಿರಬಹುದು. ಎತ್ತಬೇಡ. ಸಂಜೆ ಐದಕ್ಕೆ ಬರುವುದು ಅವರದ್ದು. ಅದನ್ನು ಎತ್ತು.