ಹುಲಿ ತಿರುವು

ಅಪ್ಪಾ,

ನೀನು ತೀರಿಕೊಂಡ ಮೇಲೆ ನಿನ್ನ ಹುಲಿಗೆ ಪಂಚಾಯ್ತಿಯವರು ಬೋರ್ಡು ಹಾಕಿಸಿದ್ದಾರೆ. ಗುಡ್ಡದ ದಾರಿಯಲ್ಲಿ ಕೊಡೆ ಬಿಚ್ಚಿ ಹುಲಿ ಓಡಿಸಿದೆ ಎನ್ನುತ್ತಿದ್ದೆಯಲ್ಲ, ಆ ಜಾಗಕ್ಕೀಗ ‘ಹುಲಿ ತಿರುವು’ ಅಂತಲೇ ಹೆಸರು. ಅದು ಹುಲಿಯಲ್ಲ, ಪಕ್ಕದ ಮನೆ ಶಿವಯೋಗಪ್ಪನವರ ಕಂದು ನಾಯಿ ಎಂದು ಅಮ್ಮ ಬಂದವರೆದುರೆಲ್ಲ ನಿನ್ನ ಮಾನ ಕಳೆಯುತ್ತಿದ್ದಳು.

ಇವತ್ತು ಊರಿನ ಇತಿಹಾಸ ಬರೆಯಲು ಶಿವಮೊಗ್ಗದಿಂದ ಕಾಲೇಜು ಹುಡುಗಿಯೊಬ್ಬಳು ಬಂದಿದ್ದಳು. “ಅಜ್ಜಿ, ನಿಜವಾಗ್ಲೂ ಹುಲಿ ಬಂದಿತ್ತಾ?” ಎಂದು ಕೇಳಿದಳು. ನಾನು ನಗು ತಡೆದುಕೊಂಡು ಅಮ್ಮನ ಮುಖ ನೋಡಿದೆ.

ಅಮ್ಮ ಸೆರಗು ಸರಿಮಾಡಿಕೊಂಡಳು. “ಎರಡು ಬಂದಿದ್ವು ಮಾರಾಯ್ತಿ. ನಮ್ಮನೆಯವ್ರಿಗೆ ಜಂಬ ಕೊಚ್ಕೊಳ್ಳೋದು ಗೊತ್ತಿರ್ಲಿಲ್ಲ. ಅದ್ಕೇ ಒಂದೇ ಅಂತಿದ್ರು.”

ಹುಡುಗಿ ಹೋದಮೇಲೆ ನಾನು ನಾಯಿಯ ಸುದ್ದಿ ಎತ್ತಿದೆ.

“ಯಾವ ನಾಯಿ?” ಎಂದು ಗದರಿ, ಬಾಗಿಲ ಹಿಂದಿದ್ದ ನಿನ್ನ ಕೊಡೆಯನ್ನು ತೆಗೆದು ಸೆರಗಿನಿಂದ ಒರೆಸಿದಳು.